ಹೊರಗಿನಿಂದ ಹಾಕಿದ ಬೀಗ

“ಕಳ್ಳರನ್ನ ಕೂರಿಸೋ ವ್ಯಾನಿಗಾದ್ರೂ ಒಂದು ಕಿಟಕಿ ಇರುತ್ತೆ,” ಎಂದರು ಮಾವ, ಬ್ರೆಡ್ಡು ಕೊಯ್ಯುವ ಚಾಕುವನ್ನು ಅಳಿಯನ ಎದೆಯ ಕಡೆ ತೋರಿಸುತ್ತ. “ನಮ್ಮ ಅಳಿಯಂದಿರ ವ್ಯಾನಿಗೆ ಅದೂ ಇಲ್ಲ. ಒಳಗೆ ತಳ್ತಾರೆ, ಹೊರಗಿಂದ ಬೀಗ ಜಡೀತಾರೆ. ಕೆಲಸ ಮುಗಿದ ಮೇಲೆ ಒಳಗಿಂದ ಬಾಗಿಲು ಬಡಕೊಂಡು ‘ಅಣ್ಣಾ, ತೆಗಿಯಣ್ಣಾ’ ಅನ್ಬೇಕು. ಇದು ಪೊಲೀಸ್ ಕೆಲಸ ಅಂತೆ. ಹೋಗಯ್ಯಾ, ಹೋಗಿ ಸಾಲಲ್ಲಿ ನಿಂತ್ಕೋ.”

ಬೇಕರಿಯ ಮುಂದೆ ಬೆಳಗಿನ ಸಾಲು ಬೀದಿಯ ತಿರುವಿನವರೆಗೂ ಇತ್ತು. ಅಷ್ಟೂ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದರ್ಜಿ. ಅಳಿಯ ಆ ಹೊತ್ತು ತೊಟ್ಟಿದ್ದ ಖಾಕಿ ಅಂಗಿಯನ್ನು ಹೊಲಿದುಕೊಟ್ಟವನೂ ಅವನೇ. ಭುಜಕ್ಕೆ ಪಟ್ಟಿ, ಎದೆಯ ಮೇಲೆ ಮುಚ್ಚಳದ ಜೇಬುಗಳು. ನಕ್ಷತ್ರ ಎಷ್ಟು ಹಚ್ಚಲಿ ಎಂದು ದರ್ಜಿ ಕೇಳಿದ್ದಕ್ಕೆ ಅಳಿಯ ಗಂಭೀರವಾಗಿ ಯೋಚಿಸಿ, “ಸದ್ಯಕ್ಕೆ ಬೇಡ,” ಎಂದಿದ್ದ. ಇಲಾಖೆ ಅವನಿಗೆ ಅಂಗಿ ಕೊಟ್ಟಿರಲಿಲ್ಲ, ತೊಡು ಎಂದು ಹೇಳಿಯೂ ಇರಲಿಲ್ಲ. ಆದರೆ ತೊಡಬೇಡ ಎಂದೂ ಯಾರೂ ಹೇಳಿರಲಿಲ್ಲವಲ್ಲ, ಅದೇ ಅವನ ಧೈರ್ಯ. ತೊಟ್ಟ ಮೊದಲ ದಿನವೇ ಸಾಲು ಬಿಟ್ಟು ನೇರ ಮುಂದೆ ಬಂದು, “ಡಿಪಾರ್ಟ್‌ಮೆಂಟ್ ಅರ್ಜೆಂಟು, ಒಂದು ಬ್ರೆಡ್ಡು,” ಎಂದುಬಿಟ್ಟ. ಅದಕ್ಕೆ ಸಿಕ್ಕ ಮಂಗಳಾರತಿ ಇದು.

ಅವನು ಸಾಲಿನ ಕೊನೆಗೆ ಹೋಗಿ ನಿಂತ. ಖಾಕಿ ತೊಟ್ಟವನೊಬ್ಬ ಸಾಲಿನ ಕೊನೆಯಲ್ಲಿ ನಿಂತದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಬಂದವರೆಲ್ಲ ಒಮ್ಮೆ ತಿರುಗಿ ನೋಡಿ, ಏನಾಯಿತೆಂದು ವಿಚಾರಿಸಿ, ತಮ್ಮ ಪಾಲಿನ ನಗು ನಕ್ಕು ಹೋದರು.

ಮಾವನ ವಿಷಯ ಎರಡು ಮಾತಿನಲ್ಲಿ ಹೇಳಿಬಿಡಬಹುದು. ಬೇಕರಿ ಅವರದು, ಮೈಮೇಲೆ ಬಿಳಿ ಬಟ್ಟೆ ಬಿಟ್ಟು ಬೇರೆ ಕಂಡವರಿಲ್ಲ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಟೋಪಿ, ಹುಬ್ಬಿನ ಮೇಲೂ ಹಿಟ್ಟು. ಅವರು ಬೀದಿಗಿಳಿದು ನಡೆದರೆ ಸುಣ್ಣ ಬಳಿದ ಗೋಡೆಯೊಂದು ಎದ್ದು ನಡೆದಂತೆ ಕಾಣುತ್ತಿತ್ತು. ಹಿಟ್ಟಿಗೆ ಉಪ್ಪು ಹಾಕುವಷ್ಟೇ ತಪ್ಪದೆ ದಿನಕ್ಕೊಂದು ಮಾತು ಅಳಿಯನಿಗೆ ಹಾಕುತ್ತಿದ್ದರು.

ಅಳಿಯನಿಗೆ ಠಾಣೆಯಲ್ಲಿ ಬಾವಲಿ ಎಂದು ಹೆಸರು. ವ್ಯಾನಿನ ಕತ್ತಲಿನಿಂದ ಬಿಸಿಲಿಗೆ ಇಳಿಯುವಾಗ ಎರಡೂ ಕೈ ಅಗಲಿಸಿ, ಕಣ್ಣು ಕಿರಿದು ಮಾಡಿ, ಎಲ್ಲಿ ಜೋತುಬೀಳಲಿ ಎಂಬಂತೆ ಸುತ್ತ ನೋಡುತ್ತಿದ್ದ. ಹೆಸರು ಇಟ್ಟವರು ಇನ್‌ಸ್ಪೆಕ್ಟರ್. ಪೊಲೀಸ್ ಇಲಾಖೆಯಲ್ಲಿ ಮೇಲಿನವರು ಇಟ್ಟ ಹೆಸರನ್ನು ಕೆಳಗಿನವರು ಬದಲಾಯಿಸುವ ಪದ್ಧತಿ ಇಲ್ಲ.

ಆ ವ್ಯಾನು ಇಲಾಖೆಯ ಹೆಮ್ಮೆ. ಪಕ್ಕೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಪೊಲೀಸ್ ಸಂಚಾರಿ ಕತ್ತಲೆಕೋಣೆ’ ಎಂದು ಬರೆಸಿದ್ದರು. ಹಿಂದೆಲ್ಲ ಕಳ್ಳತನ ಆದ ಜಾಗದ ಫೋಟೋ ತೆಗೆದರೆ ಫಿಲ್ಮು ಮುಖ್ಯ ಕಚೇರಿಗೆ ಹೋಗಿ, ತೊಳೆಸಿಕೊಂಡು, ಅಚ್ಚಾಗಿ ವಾಪಸು ಬರುವಷ್ಟರಲ್ಲಿ ಕಳ್ಳನಿಗೆ ಮದುವೆಯಾಗಿ ಮಕ್ಕಳಾಗಿರುತ್ತಿದ್ದವು. ಈಗ ಕತ್ತಲೆಕೋಣೆಯೇ ಕಳ್ಳತನದ ಮನೆಬಾಗಿಲಿಗೆ ಬರುತ್ತದೆ. ಸಾಹೇಬರು ಟೀ ಮುಗಿಸುವುದರೊಳಗೆ ಫೋಟೋ ಕೈಯಲ್ಲಿ. ಒಳಗೆ ಕೂತು ಫಿಲ್ಮು ತೊಳೆಯುವ ಕೆಲಸ ಬಾವಲಿಯದು. ಜನ ಮಾತ್ರ ಆ ಅಕ್ಷರ ಓದಿ ಬೇರೆಯೇ ತಿಳಿದುಕೊಂಡಿದ್ದರು. ಅದರೊಳಗೆ ಕೂಡಿಹಾಕಿದರೆ ಎಂಥವನೂ ಬಾಯಿ ಬಿಡುತ್ತಾನೆ ಎಂದು ಊಟ ಮಾಡದ ಮಕ್ಕಳನ್ನು ಹೆದರಿಸುತ್ತಿದ್ದರು.

ಮಾವ ಹೇಳಿದ ಬೀಗದ ಮಾತು ನೂರಕ್ಕೆ ನೂರು ನಿಜ. ವ್ಯಾನಿನ ಮೈ ಕಟ್ಟಿದ್ದು ಇಲಾಖೆಯದೇ ಕಾರ್ಖಾನೆ. ಅಲ್ಲಿನವರು ಹುಟ್ಟಿದಾಗಿನಿಂದ ಕಟ್ಟಿದ್ದು ಕೈದಿಗಳ ವ್ಯಾನು ಮಾತ್ರ. ಇದನ್ನೂ ಅದೇ ಕೈಯಲ್ಲಿ ಕಟ್ಟಿ, ಬೆಳಕು ಬರಬಾರದಂತೆ ಎಂದು ಕಿಟಕಿ ಮುಚ್ಚಿ, ಹೊರಗೆ ಬೀಗದ ಕೊಂಡಿ ಹಾಕಿ ಕಳಿಸಿದರು. ಒಳಗೊಂದು ಚಿಲಕ ಬೇಕು, ಫಿಲ್ಮು ತೊಳೆಯುವಾಗ ಯಾರಾದರೂ ಬಾಗಿಲು ತೆಗೆದರೆ ಕೆಲಸ ಕೆಡುತ್ತದೆ ಎಂದು ಬಾವಲಿ ಎಷ್ಟೋ ಸಲ ಹೇಳಿಕೊಂಡ. ಪೊಲೀಸ್ ವಾಹನದ ಹಿಂಭಾಗಕ್ಕೆ ಒಳಗಿನಿಂದ ಚಿಲಕ ಇರತಕ್ಕದ್ದಲ್ಲ, ಒಳಗಿದ್ದವರು ಬಾಗಿಲು ಹಾಕಿಕೊಂಡರೆ ಇಲಾಖೆ ಏನು ಮಾಡಬೇಕು ಎಂದು ಪ್ರತಿ ಸಲವೂ ಉತ್ತರ ಬಂತು. ಆದ್ದರಿಂದ ಒಂದು ವ್ಯವಸ್ಥೆ ಮಾಡಿಕೊಂಡರು. ಬಾವಲಿ ಒಳಗೆ ಹೋದ ಮೇಲೆ ಡ್ರೈವರ್ ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಸುವುದು, ಬಾಗಿಲ ಮೇಲಿನ ಕೆಂಪು ದೀಪ ಹಚ್ಚುವುದು, ಒಳಗಿನಿಂದ ಬಡಿದಾಗ ಮಾತ್ರ ತೆಗೆಯುವುದು. ಈ ಏರ್ಪಾಡನ್ನು ಹೆಮ್ಮೆಯಿಂದ ಹೆಂಡತಿಗೆ ಹೇಳಿದವನು ಬಾವಲಿಯೇ. ಹೆಂಡತಿ ಅಷ್ಟೇ ಹೆಮ್ಮೆಯಿಂದ ಅಪ್ಪನಿಗೆ ಹೇಳಿದ್ದಳು. ಮಿಕ್ಕದ್ದನ್ನು ಸಾಲು ಕೇಳಿಸಿಕೊಂಡಿತ್ತು.

ಆ ದಿನದಿಂದ ಬಾವಲಿಗೆ ಒಂದೇ ಆಸೆ. ವ್ಯಾನು ಒಮ್ಮೆ ತನ್ನ ಬೀದಿಗೆ ಬರಬೇಕು. ಬೇಕರಿಯ ಮುಂದೆಯೇ ನಿಲ್ಲಬೇಕು. ಅದಕ್ಕೆ ಬೀದಿಯಲ್ಲಿ ಯಾರದಾದರೂ ಮನೆ ಹಾಳಾಗಬೇಕು ಎಂಬುದು ಅವನಿಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದರೂ ತಡೆಯುವಷ್ಟು ದೊಡ್ಡ ಮಾತಾಗಿ ಕಾಣಲಿಲ್ಲ.

ಆಸೆ ಫಲಿಸಿತು. ಬೇಕರಿಯ ಪಕ್ಕದ ಔಷಧಿ ಅಂಗಡಿಯಲ್ಲಿ ಕಳ್ಳತನವಾಯಿತು. ಬೆಳಿಗ್ಗೆ ಅಂಗಡಿಯವನು ಬಂದು ನೋಡಿದರೆ ಹಿಂಬಾಗಿಲು ಮುರಿದಿದೆ, ಕಬ್ಬಿಣದ ಪೆಟ್ಟಿಗೆ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಅದಕ್ಕಿಂತ ದೊಡ್ಡ ಅದೃಷ್ಟವೆಂದರೆ ಅದೇ ದಿನ ಇಲಾಖೆಯ ಫೋಟೋಗ್ರಾಫರನಿಗೆ ಹಲ್ಲುನೋವು ಬಂದು, ಕೆನ್ನೆ ಬನ್ನಿನಂತೆ ಊದಿ, ಕ್ಯಾಮೆರಾವನ್ನು ಕಣ್ಣಿನ ಹತ್ತಿರ ತರಲು ಆಗದಂತಾಗಿತ್ತು. “ಏ ಬಾವಲಿ, ಇವತ್ತು ನೀನೇ ತೆಗಿ,” ಎಂದರು ಇನ್‌ಸ್ಪೆಕ್ಟರ್.

ಬಾವಲಿ ಖಾಕಿ ಅಂಗಿಯಲ್ಲಿ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ತನ್ನದೇ ಬೀದಿಯಲ್ಲಿ ಇಳಿದ. ಮಹಡಿಯ ಮೇಲೆ ಹೆಂಡತಿ, ಪಕ್ಕದಲ್ಲಿ ಅತ್ತೆ. ಕೆಳಗೆ ಬೆಳಗಿನ ಸಾಲು ಬ್ರೆಡ್ಡು ಮರೆತು ಔಷಧಿ ಅಂಗಡಿಗೆ ತಿರುಗಿಕೊಂಡಿತ್ತು. ಅವನು ಪೆಟ್ಟಿಗೆಯ ಮುಂದೆ ಕೂತು ತೆಗೆದ, ನಿಂತು ತೆಗೆದ, ಮೇಜಿನ ಮೇಲೆ ಹತ್ತಿ ತೆಗೆದ. ಗಾಜಿನ ಮೇಲಿನ ಬೆರಳ ಗುರುತು, ನೆಲದ ಧೂಳಿನಲ್ಲಿ ಬೂಟಿನ ಗುರುತು, ಯಾವುದನ್ನೂ ಬಿಡಲಿಲ್ಲ. ಮಾವ ಕೈ ಒರೆಸಿಕೊಳ್ಳುತ್ತ ಅಂಗಡಿಯ ಬಾಗಿಲ ತನಕ ಬಂದು, ಒಂದು ಗಳಿಗೆ ಇಣುಕಿ, ಏನೂ ಅನ್ನದೆ ಹೋದರು. ಮಾವ ಏನೂ ಅನ್ನಲಿಲ್ಲ ಎಂಬುದೇ ಬಾವಲಿಯ ಪಾಲಿಗೆ ಬಿರುದು. ಎದೆ ಉಬ್ಬಿ ಜೇಬಿನ ಗುಂಡಿಯೊಂದು ಬಿಚ್ಚಿಕೊಂಡಿತು.

ಅವನು ವ್ಯಾನು ಹತ್ತಿದ. ಡ್ರೈವರ್ ಬೀಗ ಹಾಕಿದ, ಎಲ್ಲರೂ ನೋಡುವಂತೆ ಕೀಲಿ ಜೇಬಿಗಿಳಿಸಿದ, ಕೆಂಪು ದೀಪ ಹಚ್ಚಿದ. ಸಾಲಿನಲ್ಲಿದ್ದವರು ಪರಸ್ಪರ ಕಣ್ಣು ಮಿಟುಕಿಸಿ, ಬೇಕರಿಯವರು ಹೇಳಿದ್ದು ಸುಳ್ಳಲ್ಲ ಎಂದು ಖಾತ್ರಿ ಮಾಡಿಕೊಂಡರು.

ಅಷ್ಟರಲ್ಲಿ ದೊಡ್ಡ ಸಾಹೇಬರ ಕಾರು ಬಂತು. ಹಿಂದೆ ಪತ್ರಿಕೆಯವರ ಕಾರು. ಸಾಹೇಬರಿಗೆ ವ್ಯಾನು ಹೆತ್ತ ಕೂಸಿದ್ದ ಹಾಗೆ. ಅದನ್ನು ನಾಲ್ಕು ಜನಕ್ಕೆ ತೋರಿಸಲು ಒಂದು ಕಳ್ಳತನಕ್ಕಾಗಿ ಅವರೂ ಕಾದಿದ್ದರೆಂದು ಕಾಣುತ್ತದೆ. ಬಾಗಿಲು ತೆಗೆಯಿರಿ, ಒಳಗಿನ ಕೆಲಸ ಇವರಿಗೆ ತೋರಿಸೋಣ ಎಂದರು. ಇನ್‌ಸ್ಪೆಕ್ಟರ್ ಕೆಂಪು ದೀಪ ನೋಡಿದರು, ಸಾಹೇಬರ ಮುಖ ನೋಡಿದರು. ಯಾವುದು ಹೆಚ್ಚು ಕೆಂಪಾಗಬಲ್ಲದು ಎಂಬ ಲೆಕ್ಕ ಅವರಿಗೆ ತಕ್ಷಣ ಸಿಕ್ಕಿತು.

ಒಳಗೆ ಬಾವಲಿ ಗಾಢ ಕತ್ತಲಲ್ಲಿ, ಫಿಲ್ಮಿನ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು, ತಟ್ಟೆಯ ದ್ರಾವಣದಲ್ಲಿ ಏರಿಳಿಸುತ್ತಿದ್ದ. ಹೊರಗಿನ ಮಾತು ಕೇಳಿ ಅವನ ಜೀವ ಬಾಯಿಗೆ ಬಂತು. ತೆಗೀಬೇಡಿ, ಬೆಳಕು ಬಿದ್ದರೆ ಫೋಟೋ ಸತ್ತೋಗುತ್ತೆ ಎಂದು ಕೂಗಿಕೊಂಡ.

ಸಾಹೇಬರು ನಕ್ಕರು. “ಫೋಟೋಗೆ ಬೆಳಕು ಬೇಕು ಅಂತ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು,” ಎಂದರು. ಪತ್ರಿಕೆಯವರೂ ನಕ್ಕರು. ಡ್ರೈವರ್ ಜೇಬಿಗೆ ಕೈ ಹಾಕಿದ.

ಬಾಗಿಲು ತೆರೆದಾಗ ಕಂಡದ್ದು ತಟ್ಟೆಯ ಮೇಲೆ ಮೊಟ್ಟೆಗೆ ಕೂತ ಕೋಳಿಯಂತೆ ಬಿದ್ದಿದ್ದ ಬಾವಲಿ. ಫಿಲ್ಮನ್ನು ಒಟ್ಟುಗೂಡಿಸಿ ಎರಡೂ ಅಂಗೈಯಿಂದ ಮುಚ್ಚಿ, ಅದರ ಮೇಲೆ ಎದೆ ಹಾಕಿ ಮಲಗಿದ್ದ. ತಲೆ ಎತ್ತಲಿಲ್ಲ, ಸಲಾಮು ಹೊಡೆಯಲಿಲ್ಲ. ಇನ್‌ಸ್ಪೆಕ್ಟರ್ ಹಲ್ಲು ಕಡಿದರು. ಸಾಹೇಬರು ಮಾತ್ರ ಕರಗಿಹೋದರು. ನೋಡಿ, ನಾನೇ ಬಂದು ನಿಂತರೂ ತಲೆ ಎತ್ತುವಷ್ಟು ಪುರುಸೊತ್ತಿಲ್ಲ, ಇಂಥ ಸಿಬ್ಬಂದಿ ನನ್ನದು ಎಂದು ಪತ್ರಿಕೆಯವರಿಗೆ ಹೇಳಿ, ಸಾಕಷ್ಟು ಹೊತ್ತು ಬಾಗಿಲು ಹಿಡಿದುಕೊಂಡೇ ವ್ಯಾನಿನ ಗುಣಗಾನ ಮಾಡಿದರು.

ಫಿಲ್ಮಿನಲ್ಲಿ ಉಳಿದದ್ದು ಒಂದೇ ಚಿತ್ರ. ಬೆರಳ ಗುರುತು ಹೋಗಿತ್ತು, ಬೂಟಿನ ಗುರುತು ಹೋಗಿತ್ತು. ಉಳಿದ ಒಂದರಲ್ಲಿ ಬಾಯಿ ಬಿಟ್ಟ ಪೆಟ್ಟಿಗೆ ಸ್ಪಷ್ಟವಾಗಿತ್ತು. ಅದರ ಪಕ್ಕದಲ್ಲಿ ಮೇಲಿಂದ ಕೆಳಗೆ ಬೆಳ್ಳಗೆ ಉದ್ದನೆಯದೊಂದು ಆಕಾರ. ಮೇಲೆ ದುಂಡಗೆ, ನಡುವೆ ಅಗಲ, ಕೆಳಗೆ ಕಿರಿದು. ಅಂಗೈಗಳ ನಡುವಿನ ಸಂದಿಯಲ್ಲಿ ನುಗ್ಗಿದ ಬೆಳಕು ಅದು.

ಹಸಿ ಫೋಟೋವನ್ನು ಇನ್‌ಸ್ಪೆಕ್ಟರ್ ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಯಾರಿದು?” ಎಂದರು.

“ಯಾರೂ ಅಲ್ಲ ಸಾರ್. ಬೆಳಕು.”

“ಯಾವ ಬೆಳಕು?”

“ಬಾಗಿಲಿಂದ ಬಂದದ್ದು ಸಾರ್.”

“ಬಾಗಿಲು ಯಾರೋ ತೆಗೆದದ್ದು?”

ಸಾಹೇಬರು ಒಂದು ಮಾರು ದೂರದಲ್ಲಿ ಟೀ ಲೋಟಕ್ಕೆ ಊದುತ್ತ ನಿಂತಿದ್ದರು. ಬಾವಲಿ ಅವರ ಬೂಟು ನೋಡಿದ, ತನ್ನ ಚಪ್ಪಲಿ ನೋಡಿಕೊಂಡ. ಆ ಸುಮ್ಮನಿದ್ದ ಗಳಿಗೆಯಲ್ಲೇ ಬೆಳಕಿಗೆ ಕೈಕಾಲು ಮೂಡಿತು.

ಸಾಹೇಬರು ಫೋಟೋ ಇಸಿದುಕೊಂಡು, ಬಿಳಿ ಬಟ್ಟೆ ತೊಟ್ಟ ಎತ್ತರದ ಮನುಷ್ಯ ಎಂದು ತೀರ್ಪು ಕೊಟ್ಟರು. ಪತ್ರಿಕೆಯವರಲ್ಲಿ ಒಬ್ಬ, ಇನ್ನೂ ಹೊಸಬನಿರಬೇಕು, ಕಳ್ಳತನ ಆದದ್ದು ರಾತ್ರಿ, ಫೋಟೋ ತೆಗೆದದ್ದು ಈಗ, ನೀವೆಲ್ಲ ಇಲ್ಲೇ ಇದ್ದಿರಿ, ಇದರಲ್ಲಿ ಕಳ್ಳ ಹೇಗೆ ಬಂದ ಎಂದು ಕೇಳಿದ. ಸಾಹೇಬರು ಅವನನ್ನು ಕನಿಕರದಿಂದ ನೋಡಿದರು.

“ತಪ್ಪು ಮಾಡಿದವನು ಆ ಜಾಗಕ್ಕೆ ವಾಪಸು ಬಂದೇ ಬರ್ತಾನೆ. ಬಂದ. ನಮ್ಮ ಕಣ್ಣು ತಪ್ಪಿಸಿದ. ಕ್ಯಾಮೆರಾ ಕಣ್ಣು ತಪ್ಪಿಸೋಕೆ ಆಗಲಿಲ್ಲ. ಇದೇ ರೀ, ಸಂಚಾರಿ ಕತ್ತಲೆಕೋಣೆಯ ಮಹಿಮೆ.”

ಮರುದಿನದ ಪತ್ರಿಕೆಯಲ್ಲಿ ಮಹಿಮೆ ಮುಖಪುಟದಲ್ಲೇ ಬಂತು.

ಈ ಬೀದಿಯಲ್ಲಿ ಬಿಳಿ ಬಟ್ಟೆ ತೊಡುವವರು ಯಾರು ಎಂದು ಇನ್‌ಸ್ಪೆಕ್ಟರ್ ಔಷಧಿ ಅಂಗಡಿಯವನನ್ನು ಕೇಳಿದರು. ಬೇಕರಿಯ ಹೊಗೆ ತನ್ನ ಅಂಗಡಿಗೆ ನುಗ್ಗುತ್ತದೆ ಎಂದು ವರ್ಷಗಟ್ಟಲೆ ಕೆಮ್ಮಿಕೊಂಡೇ ಬದುಕಿದವನು ಅವನು. ನಾನು ಅವರ ಹೆಸರು ಹೇಳುತ್ತಿಲ್ಲ, ಬಿಳಿ ಅಂತ ನೀವು ಕೇಳಿದ್ದಕ್ಕೆ ಬಿಳಿ ಯಾವ ಕಡೆ ಇದೆ ಅಂತ ತೋರಿಸುತ್ತಿದ್ದೇನೆ ಅಷ್ಟೇ ಎಂದು ಗೋಡೆಯ ಕಡೆ ಗದ್ದ ಎತ್ತಿದ. ಹಿಟ್ಟು ನಾದುತ್ತಿದ್ದ ಕೈಯಲ್ಲೇ ಮಾವನನ್ನು ಕರೆದುಕೊಂಡು ಹೋದರು. ಅಂಗಡಿಯ ಬಾಗಿಲ ತನಕ ಬಂದಿದ್ದಿರಾ ಎಂದು ಕೇಳಿದರು. ಬಂದಿದ್ದೆ ಎಂದರು. ಬಿಳಿ ಬಟ್ಟೆಯಲ್ಲಿ? ಹೌದು ಎಂದರು. ಇಷ್ಟು ನಿಜ ಹೇಳಿದ ಮೇಲೆ ಒಬ್ಬ ಮನುಷ್ಯನನ್ನು ಹೊರಗೆ ಬಿಡುವುದು ಯಾವ ಪೊಲೀಸರಿಗೂ ಸಾಧ್ಯವಿಲ್ಲ.

ಇಲ್ಲಿಂದ ಬಾವಲಿಗೆ ಒಳ್ಳೆಯ ಕಾಲ ಬಂತು. ಬೀದಿಯಲ್ಲಿ ಕಂಡವರೆಲ್ಲ ಎದ್ದು ನಿಂತರು. ಹಾಲಿನ ಅಂಗಡಿಯ ಸಾಲು ಅವನನ್ನು ಕಂಡು ಸರಿದು ದಾರಿ ಬಿಟ್ಟಿತು. ದರ್ಜಿ ಮನೆಗೇ ಬಂದು ಬಿಚ್ಚಿಹೋದ ಗುಂಡಿ ಹೊಲಿದುಕೊಟ್ಟು, ಆ ದಿನ ನಕ್ಕದ್ದು ತಾನಲ್ಲ, ಹಿಂದೆ ನಿಂತಿದ್ದವನು ಎಂದು ಹೇಳಿ ಹೋದ. ಬೀದಿಯಿಂದ ಬಿಳಿ ಬಟ್ಟೆ ಮಾಯವಾಯಿತು. ಸ್ಕೂಲಿನ ಹೆಡ್‌ಮಾಸ್ಟರು ಮಗನ ಹೂವಿನ ಚಿತ್ತಾರದ ಅಂಗಿ ತೊಟ್ಟು ಪಾಠಕ್ಕೆ ಹೋದರು. ಮಾವ ಒಂದು ಮಾತಂದ ಕೂಡಲೇ ಮಾವನನ್ನೇ ಫೋಟೋದಲ್ಲಿ ಸೇರಿಸಿಬಿಟ್ಟ ಗಂಡಸು ಎಂದು ಜನ ಅವನನ್ನು ದೂರದಿಂದ ತೋರಿಸಿದರು. ಅವನು ಅಷ್ಟು ಕಾಲ ಬಯಸಿದ್ದ ಮರ್ಯಾದೆ ಇದೇ. ಸಿಕ್ಕಾಗ ನಾಲಿಗೆಗೆ ಸೀದ ಬ್ರೆಡ್ಡಿನ ರುಚಿ.

ಅತ್ತೆ ಅವನ ಮುಖಕ್ಕೆ ನೇರ ಹೇಳಿದರು. “ಒಂದು ಕಿಟಕಿ ಮಾತಿಗೆ ಇಷ್ಟು ದೊಡ್ಡ ಸೇಡಾ ಅಳಿಯಂದ್ರೇ? ನನಗೆ ಹೇಳಿದ್ರೆ ನಾನೇ ಅವರಿಗೆ ಬೈದು ನಿಮ್ಮ ಕಾಲು ಹಿಡಿಸ್ತಿದ್ದೆ.”

ಹೆಂಡತಿ ಬೈಯಲಿಲ್ಲ. ಮಹಡಿಯ ಮೇಲೆ ನಿಂತು ಎಲ್ಲವನ್ನೂ ನೋಡಿದ್ದವಳು ಅವಳು. ಯಾರು ತೆಗೆಯೆಂದರು, ಯಾರು ತೆಗೆದರು, ಯಾರು ಹಿಡಿದುಕೊಂಡು ನಿಂತರು, ಎಲ್ಲ ಗೊತ್ತಿತ್ತು. “ನೀವು ಬಾಗಿಲು ತೆಗೀಲಿಲ್ಲ ಅಂತ ನನಗೆ ಗೊತ್ತು ರೀ,” ಎಂದಳು. “ಬಾಯಿ ತೆಗೀಲಿಲ್ವಲ್ಲ, ಅದು ಯಾಕೆ ಅಂತ ಗೊತ್ತಿಲ್ಲ. ಅಪ್ಪನನ್ನ ಮನೆಗೆ ಕರ್ಕೊಂಡು ಬನ್ನಿ. ಬೇರೆ ಏನೂ ಬೇಡ.”

ಬಾವಲಿ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ನಿಂತು ಈ ಸಲ ಬಾಯಿ ತೆಗೆದ. ಅದು ಮನುಷ್ಯನಲ್ಲ, ಬೆಳಕು. ಬೆಳಕು ಬಂದದ್ದು ಹೀಗೆ ಎಂದು ಎರಡೂ ಅಂಗೈ ಮೇಜಿನ ಮೇಲೆ ಜೋಡಿಸಿ ತೋರಿಸಿದ. ನಡುವಿನ ಸಂದಿ ಅಚ್ಚು ಹೊಯ್ದಂತೆ ಅದೇ ಆಕಾರ. ಮೇಲೆ ತಲೆ, ನಡುವೆ ಹೊಟ್ಟೆ, ಕೆಳಗೆ ಕಾಲು. ಹೆಬ್ಬೆರಳು ಅಲ್ಲಾಡಿಸಿದರೆ ಮನುಷ್ಯ ತಲೆಯನ್ನೂ ಅಲ್ಲಾಡಿಸುತ್ತಿದ್ದ. ಕಾನ್‌ಸ್ಟೇಬಲ್‌ಗಳು ಸುತ್ತ ನೆರೆದು ಬೆರಗಾಗಿ ನೋಡಿದರು. ಇನ್ನೊಂದು ಸಲ ತೋರಿಸು ಎಂದು ಒಬ್ಬ ಕೇಳಿಯೂಬಿಟ್ಟ.

ಇನ್‌ಸ್ಪೆಕ್ಟರ್ ಹಿಂದಕ್ಕೆ ಒರಗಿದರು. “ಅಂದ್ರೆ ಸಾಕ್ಷಿಯ ಮೇಲೆ ನಿನ್ನ ಕೈ ಇದೆ.”

“ಹೂಂ ಸಾರ್. ಮುಚ್ಚಿದ್ದೆ.”

“ಮುಚ್ಚಿದ್ದೆ. ಒಳಗಿರೋದು ನಿನ್ನ ಮಾವ. ಮುಚ್ಚಿದ್ದು ನೀನು. ಎಷ್ಟು ಜನ ಇದ್ದೀರಪ್ಪಾ ಈ ಕೆಲಸದಲ್ಲಿ?”

ಮನೆಯಲ್ಲಿ ಮಾವನನ್ನು ಹಿಡಿಸಿದವನು, ಠಾಣೆಯಲ್ಲಿ ಮಾವನನ್ನು ಉಳಿಸಲು ಹೊರಟವನು. ಎರಡು ಅಪವಾದವೂ ಒಂದೇ ಮೈಮೇಲೆ, ಒಂದೇ ಅಂಗಿಯೊಳಗೆ. ಬಾವಲಿ ಡ್ರೈವರನ ಹತ್ತಿರ ಓಡಿದ. ನೀನಾದರೂ ನಿಜ ಹೇಳು, ಸಾಹೇಬರು ಹೇಳಿದರು, ನೀನು ಬೀಗ ತೆಗೆದೆ ಎಂದು ಬೇಡಿಕೊಂಡ. ಡ್ರೈವರ್ ಒಳ್ಳೆಯವನು, ಅವನಿಗೆ ಸಂಸಾರ ದೊಡ್ಡದು. ಕೀಲಿ ತನ್ನ ಜೇಬಿನಲ್ಲಿತ್ತು ಎಂಬುದು ನಿಜ, ಆಮೇಲೆ ತನ್ನ ಕೈಯಲ್ಲಿತ್ತು ಎಂಬುದೂ ನಿಜ, ನಡುವೆ ಏನಾಯಿತು ಎಂಬುದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ ಎಂದ.

ಕೊನೆಗೆ ಲಾಕಪ್ಪಿನ ಸರಳುಗಳ ಮುಂದೆ ಹೋಗಿ ನಿಂತ. ಮಾವ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಬಟ್ಟೆ ಬಿಳಿಯಾಗಿ ಉಳಿದಿರಲಿಲ್ಲ. ಈಗ ಯಾರಾದರೂ ನೋಡಿದ್ದರೆ ಫೋಟೋದಲ್ಲಿರುವವರು ಇವರಲ್ಲ ಎಂದು ಬಿಟ್ಟೇ ಕಳಿಸುತ್ತಿದ್ದರು. ಹುಬ್ಬಿನಲ್ಲಿ ಇನ್ನೂ ಒಂದಿಷ್ಟು ಹಿಟ್ಟು ಒಣಗಿತ್ತು. ಅವರು ಅಳಿಯನನ್ನು ನೋಡಿದರು, ಆಮೇಲೆ ಮೇಲಕ್ಕೆ ಬೆರಳು ಮಾಡಿದರು. ಗೋಡೆಯ ತುದಿಯಲ್ಲಿ ಅಂಗೈಯಗಲದ ಕಿಂಡಿ.

“ನೋಡು,” ಎಂದರು. “ನಾನು ಹೇಳಿರಲಿಲ್ವಾ. ಕಳ್ಳರಿಗೆ ಕಿಟಕಿ ಇರುತ್ತೆ.”

ನಗಬೇಕೆಂದೇ ಹೇಳಿದ್ದು. ಹೇಳಿ ಬೆರಳು ಇಳಿಸುವುದನ್ನು ಮರೆತರು. ಬಾವಲಿಗೆ ಆ ಹೊತ್ತು ಅವರು ಬೀದಿಯ ತುಂಬ ಕೇಳುವಂತೆ ಬೈದರೂ ಆಗಿತ್ತು. ಅವರು ಬೈಯಲಿಲ್ಲ. ಒಲೆ ಆರಿರಬಹುದಲ್ಲವೇ ಎಂದು ಮಾತ್ರ ಕೇಳಿ, ಉತ್ತರಕ್ಕೆ ಕಾಯದೆ ಗೋಡೆಯ ಕಡೆ ತಿರುಗಿಕೊಂಡರು.

ಆ ವಾರದಲ್ಲೇ ನಿಜವಾದ ಕಳ್ಳ ಬೇರೆ ಊರಿನಲ್ಲಿ ಸಿಕ್ಕಿಬಿದ್ದ. ಔಷಧಿ ಅಂಗಡಿಯಲ್ಲಿ ಹಿಂದೆ ಕೆಲಸಕ್ಕಿದ್ದವನೇ. ಕದ್ದ ಮಾಲು ಕೈಯಲ್ಲಿತ್ತು, ಬಾಯಲ್ಲಿ ತಪ್ಪೊಪ್ಪಿಗೆಯೂ ಇತ್ತು. ಮೈಮೇಲಿದ್ದದ್ದು ಕಪ್ಪು ಅಂಗಿ, ಮನುಷ್ಯನೂ ಕುಳ್ಳ. ಕಳ್ಳ ಸಿಕ್ಕಿದರೆ ಪೊಲೀಸರಿಗೆ ಇಷ್ಟು ಸಂಕಟವಾಗುತ್ತದೆಂದು ಬಾವಲಿ ತಿಳಿದಿರಲಿಲ್ಲ. ಠಾಣೆಯಲ್ಲಿ ಸೂತಕದ ಕಳೆ. ಬಿಳಿ ಬಟ್ಟೆಯ ಎತ್ತರದ ಮನುಷ್ಯನ ವಿಷಯ ಸಾಹೇಬರು ಪತ್ರಿಕೆಗೇ ಹೇಳಿಯಾಗಿತ್ತು. ಅವನು ಯಾರೆಂದು ಗೊತ್ತಾಗುವ ತನಕ ಬೇಕರಿಯವರನ್ನು ಬಿಡುವಂತಿಲ್ಲ. ಬಿಟ್ಟರೆ ಹಿಡಿದದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ.

ಇನ್‌ಸ್ಪೆಕ್ಟರ್ ಬಾವಲಿಯನ್ನು ಕರೆಸಿ ಕುರ್ಚಿ ಹಾಕಿಸಿದರು. ಟೀ ತರಿಸಿದರು. ಇಲಾಖೆಗೆ ಸೇರಿದಂದಿನಿಂದ ಅವನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

“ನೀನು ಅವತ್ತೇ ಹೇಳಿದ್ದೆ ನೋಡು, ಅದು ಬೆಳಕು ಅಂತ. ಎಷ್ಟು ಬುದ್ಧಿವಂತ ಕಣೋ ನೀನು. ಹೌದು, ಬೆಳಕೇ. ಈಗ ಹೇಳು, ಬಾಗಿಲು ತೆಗೆದವರು ಯಾರು?”

“ಸಾಹೇಬರು ಸಾರ್.”

“ಟೀ ಕುಡಿ. ಕುಡಿದು ನೆನಪು ಮಾಡ್ಕೋ.”

ಬಾವಲಿ ಟೀ ಕುಡಿದ. ಮಾವ ಇರುವುದು ಎದುರಿನ ಗೋಡೆಯ ಆಚೆ ಎಂದು ಇನ್‌ಸ್ಪೆಕ್ಟರ್ ಮೆಲ್ಲಗೆ ನೆನಪಿಸಿದರು. ಬೆಳಕನ್ನು ಒಳಗೆ ಬಿಟ್ಟವನು ಒಬ್ಬ ಸಿಕ್ಕರೆ ಬಿಳಿ ಮನುಷ್ಯ ಇಲ್ಲವಾಗುತ್ತಾನೆ, ಮಾವ ಸಂಜೆಗೆ ಮನೆಯಲ್ಲಿರುತ್ತಾರೆ. ಮುಂದೆ ಎಂದಾದರೂ ಆ ಮಾತು ಬದಲಾದರೆ ಬಿಳಿ ಮನುಷ್ಯ ವಾಪಸು ಬರುತ್ತಾನೆ, ಮಾವನೂ ವಾಪಸು ಬರುತ್ತಾರೆ. ಇದಕ್ಕಿಂತ ಸರಳವಾಗಿ ಹೇಳಲು ಯಾವ ಮಹಾತ್ಮರಿಗೂ ಸಾಧ್ಯವಿರಲಿಲ್ಲ.

“ನಾನೇ ತೆಗೆದೆ ಸಾರ್,” ಎಂದ ಬಾವಲಿ.

ಪಕ್ಕದಲ್ಲಿ ಬರೆಯುತ್ತಿದ್ದ ರೈಟರ್ ಮೊದಲೇ ಬರೆದಿಟ್ಟಿದ್ದನೆಂದು ಕಾಣುತ್ತದೆ, ಕೂಡಲೇ ಓದಿ ಹೇಳಿದ. ಕೆಲಸದ ಮಧ್ಯೆ ಸೆಕೆಯಾಯಿತೆಂದು ನಿರ್ಲಕ್ಷ್ಯದಿಂದ ಒಳಗಿನ ಚಿಲಕ ಸರಿಸಿ ಬಾಗಿಲು ತೆರೆದೆ, ಇತ್ಯಾದಿ.

“ಸಾರ್, ಒಳಗೆ ಚಿಲಕ ಇಲ್ಲ.”

“ಸಂಜೆಗೆ ಇರುತ್ತೆ,” ಎಂದರು ಇನ್‌ಸ್ಪೆಕ್ಟರ್.

ಇತ್ತು. ಅವನು ಎಷ್ಟೋ ಸಲ ಕೇಳಿ, ಎಷ್ಟೋ ಸಲ ಇಲ್ಲವೆನಿಸಿಕೊಂಡಿದ್ದ ಚಿಲಕ ಮಧ್ಯಾಹ್ನದ ಊಟದ ಹೊತ್ತಿಗೆ ಕಾರ್ಖಾನೆಯಿಂದ ಬಂದು ಕೂತುಕೊಂಡಿತು. ಒಳ್ಳೆಯ ಹಿತ್ತಾಳೆ ಚಿಲಕ. ತಳ್ಳಿದರೆ ಸದ್ದಿಲ್ಲದೆ ಸರಿಯುತ್ತಿತ್ತು. ತನ್ನನ್ನು ಕೆಲಸದಿಂದ ತೆಗೆದುಹಾಕಿದ ಸುದ್ದಿ ಕೇಳಿ ತನ್ನ ಒರೆಸುವ ಬಟ್ಟೆ, ಲೋಟ ತೆಗೆದುಕೊಳ್ಳಲು ವ್ಯಾನು ಹತ್ತಿದ ಬಾವಲಿ ಅದನ್ನು ಒಂದು ಸಲ ಹಾಕಿ, ಒಂದು ಸಲ ತೆಗೆದು ನೋಡಿದ. ಕೆಲಸಕ್ಕೆ ಬರುವಂಥದ್ದೇ. ಹೊರಗೆ ಇಳಿದಾಗ ಹೊಸ ಹುಡುಗನೊಬ್ಬ ಕಾಯುತ್ತಿದ್ದ. ಇಲಾಖೆ ಅವನಿಗೆ ಖಾಕಿ ಅಂಗಿಯನ್ನೂ ಕೊಟ್ಟಿತ್ತು.

ಮಾವ ಸಂಜೆಗೆ ಮನೆಗೆ ಬಂದರು. ಮನೆಗೆ ಕಳಿಸುವಾಗ ಇನ್‌ಸ್ಪೆಕ್ಟರ್ ಅವರ ಬೆನ್ನು ಸವರಿ, ಎಲ್ಲ ನಿಮ್ಮ ಅಳಿಯನ ಬೇಜವಾಬ್ದಾರಿಯಿಂದ ಆದದ್ದು, ಇಲಾಖೆ ಅವನ ಮೇಲೆ ಕ್ರಮ ತೆಗೆದುಕೊಂಡಿದೆ ಎಂದು ತಿಳಿಸಿದ್ದರು. ಪತ್ರಿಕೆಯೂ ಮೂಲೆಯಲ್ಲಿ ಅಷ್ಟೇ ಬರೆಯಿತು. ದರ್ಜಿ ಅದನ್ನು ಗಟ್ಟಿಯಾಗಿ ಓದಿ, ಖಾಕಿ ಅಂಗಿ ಹೊಲಿಯುವಾಗಲೇ ತನಗೆ ಅನುಮಾನವಿತ್ತು ಎಂದ. ಹೆಡ್‌ಮಾಸ್ಟರು ಬಿಳಿ ಅಂಗಿಗೆ ಮರಳಿದರು.

ಮತ್ತೆ ಒಲೆ ಉರಿಯಿತು, ಮತ್ತೆ ಬೆಳಗಿನ ಸಾಲು ನಿಂತಿತು. ಬಾವಲಿ ಮಾಮೂಲಿ ಅಂಗಿ ತೊಟ್ಟು ಎಲ್ಲರ ಹಿಂದೆ ನಿಂತ. ಈಗ ಯಾರೂ ದಾರಿ ಬಿಡಲಿಲ್ಲ. ಒಂದಿಬ್ಬರು ಅವನನ್ನು ದಾಟಿಕೊಂಡೇ ಮುಂದೆ ಹೋದರು. ಅವನು ಸಾಲು ಕರಗಿದಂತೆ ಮುಂದಕ್ಕೆ ಸರಿದು, ಕೊನೆಗೆ ಕಟ್ಟೆಯ ಮುಂದೆ ಬಂದು ನಿಂತ. ಅಪ್ಪನಿಗೆ ನೆರವಾಗಲು ಬಂದಿದ್ದ ಹೆಂಡತಿ ಕಟ್ಟೆಯ ಆಚೆ ಕಾಗದದಲ್ಲಿ ಬ್ರೆಡ್ಡು ಸುತ್ತುತ್ತಿದ್ದಳು. ಮಾವ ಮತ್ತೆ ಮೊದಲಿನಂತೆ ಅಚ್ಚ ಬಿಳಿ. ಲಾಕಪ್ಪಿನಲ್ಲಿ ನುಂಗಿಕೊಂಡ ಅಷ್ಟೂ ದಿನಗಳಿಗೆ ಒಬ್ಬ ಹೊಣೆಗಾರ ಬೇಕಾಗಿತ್ತು, ಅವನು ತಾನಾಗಿಯೇ ಎದುರಿಗೆ ಬಂದು ನಿಂತಿದ್ದ.

“ನಿಂಗೆ ಇದ್ದದ್ದೇ ಒಂದು ಕೆಲಸ,” ಎಂದರು ಅವರು, ಕೊನೆಯಲ್ಲಿ ನಿಂತವನಿಗೂ ಕೇಳುವ ಹಾಗೆ. “ಬಾಗಿಲು ಮುಚ್ಚಿಕೊಂಡು ಕತ್ತಲಲ್ಲಿ ಕೂರೋದು. ಹಂದಿಮರಿಗೂ ಬರುತ್ತೆ ಅದು. ಅದನ್ನೂ ನೆಟ್ಟಗೆ ಮಾಡಲಿಲ್ಲ. ನಿನ್ನಿಂದ ನಾನು ಕಳ್ಳರ ಜೊತೆ ಚಾಪೆ ಹಂಚಿಕೊಂಡೆ. ಹೇಳಯ್ಯಾ ಎಲ್ಲರ ಮುಂದೆ, ಯಾಕೆ ತೆಗೆದೆ ಬಾಗಿಲು?”

ಹೆಂಡತಿಯ ಕೈ ಕಾಗದದ ಮೇಲೆ ನಿಂತಿತು. ಅವಳು ಅಪ್ಪನ ಕಡೆ ತಿರುಗಿ ಬಾಯಿ ತೆರೆದಳು. ಬಾವಲಿ ಅವಳನ್ನು ನೋಡಿ ತಲೆ ಅಲ್ಲಾಡಿಸಿದ, ಕಂಡೂ ಕಾಣದಷ್ಟು. ಅವಳು ಬಾಯಿ ಮುಚ್ಚಿದಳು.

ಸಾಲು ಉತ್ತರಕ್ಕೆ ಕಾಯಿತು. ಆ ದಿನ ಡ್ರೈವರ್ ಬೀಗ ಹಾಕಿ ಕೀಲಿ ಜೇಬಿಗಿಳಿಸಿದ್ದನ್ನು ನೋಡಿ ಕಣ್ಣು ಮಿಟುಕಿಸಿದವರು ಇವರೇ. ಸಾಹೇಬರು ಬಾಗಿಲು ಹಿಡಿದು ಭಾಷಣ ಮಾಡುವಾಗ ಹಿಮ್ಮಡಿ ಎತ್ತಿ ನಿಂತು ನೋಡಿದವರೂ ಇವರೇ. ಹೊರಗಿನಿಂದ ಬೀಗ ಜಡಿಯುತ್ತಾರೆ ಎಂದು ಇದೇ ಕಟ್ಟೆಯ ಆಚೆಯಿಂದ, ಇದೇ ಚಾಕು ಹಿಡಿದು ಹೇಳಿದವರು ಮಾವ. ಒಬ್ಬರಿಗಾದರೂ ನೆನಪಾಗಬಹುದೇನೋ ಎಂದು ಬಾವಲಿ ಒಂದು ಗಳಿಗೆ ಅವರವರ ಮುಖ ನೋಡಿದ. ದರ್ಜಿ ತನ್ನ ಬ್ರೆಡ್ಡಿನ ಸುಟ್ಟ ಅಂಚನ್ನು ಪರೀಕ್ಷಿಸತೊಡಗಿದ. ಹೆಡ್‌ಮಾಸ್ಟರು ಅಂಗಿಯ ತೋಳಿನ ಮೇಲಿನ ಧೂಳು ಕೊಡವಿಕೊಂಡರು. ಔಷಧಿ ಅಂಗಡಿಯವನು ಕೆಮ್ಮಿದ.

ಬಾವಲಿ ಕಟ್ಟೆಯ ಮೇಲೆ ಊರಿದ್ದ ಅಂಗೈಗಳನ್ನು ಎತ್ತಿಕೊಂಡ. ಅಲ್ಲಿ ಚೆಲ್ಲಿದ್ದ ಹಿಟ್ಟಿನಲ್ಲಿ ಎರಡು ಕೈಗಳ ಗುರುತು, ನಡುವೆ ಉದ್ದನೆಯ ಒಂದು ಬಿಳಿ ಆಕಾರ ಉಳಿಯಿತು. ಅವನು ಬೀದಿಯ ಕಡೆ ತಿರುಗಿ ನಡೆದ.

“ಕೇಳ್ತಿರೋದು ನಿನ್ನನ್ನೇ ಕಣಯ್ಯಾ,” ಎಂದರು ಮಾವ, ಕಟ್ಟೆಯ ಹಿಟ್ಟನ್ನು ಬಟ್ಟೆಯಿಂದ ಒರೆಸುತ್ತ.

ಅವನು ಬಿಟ್ಟುಹೋದ ಜಾಗಕ್ಕೆ ಹಿಂದಿದ್ದವನು ಒಂದು ಹೆಜ್ಜೆ ಮುಂದೆ ಬಂದು, ಎರಡು ಬನ್ನು ಕೇಳಿದ.